ಟೀಚರ್ ಯಜಮಾನ್ರು ಏನ್ ಮಾಡ್ತಾರೆ?

ಮನೆ ಕಟ್ಟಿಸುವ ಕಾಲದಲ್ಲಿ ಮನುಷ್ಯನಿಗೆ ತಾನು ಯಾರು ಎಂಬುದು ಸ್ವಲ್ಪ ಮರೆತುಹೋಗುತ್ತದೆ ಎಂದು ನನ್ನ ಅನುಮಾನ. ಇಲ್ಲದಿದ್ದರೆ, ಓಡಿಸುತ್ತಿದ್ದ ಸೈಕಲ್ಲನ್ನೂ ಮಾವನವರ ಕೃಪೆಯಿಂದ ಪಡೆದಿದ್ದ ನಾನು, ಜಯನಗರದಲ್ಲಿ ಸೈಟು ಸಿಕ್ಕಿದ್ದೇ ತಡ, ಮೋಟಾರು ಷೆಡ್ಡು ಕಟ್ಟಿಸುತ್ತಿರಲಿಲ್ಲ. ಮೇಸ್ತ್ರಿ ನಕ್ಷೆ ಹರಡಿಕೊಂಡು, ಈ ಕಡೆ ಮನೆ ಕಟ್ಟಿಸೋರೆಲ್ಲ ಷೆಡ್ಡು ಹಾಕಿಸ್ತಾರೆ ಸಾರ್, ನಾಳೆ ಕಾರು ತಗೊಂಡ್ರೆ ಎಲ್ಲಿ ನಿಲ್ಲಿಸ್ತೀರಿ ಎಂದು ಕೇಳಿದ. ನಾನು ಆ ಪ್ರಶ್ನೆಗೆ ನಗಬೇಕಾಗಿತ್ತು. ನಗುವ ಬದಲು ಗಂಭೀರವಾಗಿ ಯೋಚಿಸಿ, ಬಾಗಿಲು ಸ್ವಲ್ಪ ಅಗಲವೇ ಇರಲಿ ಎಂದೆ. ಗೃಹಪ್ರವೇಶಕ್ಕೆ ಬಂದ ನನ್ನ ಅಣ್ಣ ಷೆಡ್ಡನ್ನು ಸುತ್ತುಹಾಕಿ ನೋಡಿ ಏನೂ ಹೇಳಲಿಲ್ಲ. ಅವನು ಏನಾದರೂ ಹೇಳಿದ್ದರೇ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಆ ಷೆಡ್ಡಿನಲ್ಲಿ ಸೌದೆ, ಬೆರಣಿ, ಮನೆ ಕಟ್ಟಿ ಉಳಿದ ಇಟ್ಟಿಗೆ, ಕಾಲು ಮುರಿದ ಒಂದು ಮಂಚ, ಮತ್ತು ಯಾರದೆಂದು ಕೊನೆಗೂ ಗೊತ್ತಾಗದ ಒಂದು ಬೆಕ್ಕು ವಾಸವಾಗಿದ್ದವು.

ಆಗ ನಮ್ಮ ಬಡಾವಣೆ ಇನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಒಂದು ಮನೆ ಇದ್ದರೆ ಪಕ್ಕದ ನಾಲ್ಕಾರು ಸೈಟು ಖಾಲಿ. ರಸ್ತೆಗೆ ಕಲ್ಲು ಬಿದ್ದಿತ್ತು, ಟಾರು ಬಿದ್ದಿರಲಿಲ್ಲ. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ದಿನವೆಲ್ಲ ಇಟ್ಟಿಗೆ ರಾಶಿಯ ಮೇಲೆ ಹತ್ತಿ ಇಳಿದು ಮಂಡಿ ತರಚಿಕೊಳ್ಳುತ್ತಿದ್ದವು. ನನ್ನ ಹೆಂಡತಿ ವಿಶಾಲಾಕ್ಷಿ ಇದನ್ನು ಅಡುಗೆಮನೆ ಕಿಟಕಿಯಿಂದ ಬಹಳ ದಿನ ನೋಡಿದಳು. ಅವಳು ಮದುವೆಗೆ ಮುಂಚೆ ತುಮಕೂರಿನಲ್ಲಿ ಶಿಶುವಿಹಾರದ ಟೀಚರುಗಳ ತರಬೇತಿ ಮುಗಿಸಿದ್ದಳು. ಮದುವೆಯ ಮಾತುಕತೆಯಲ್ಲಿ ಅದನ್ನು ನಮಗೆ ಹೇಳಿದ್ದರು. ಹುಡುಗಿಗೆ ಹಾರ್ಮೋನಿಯಂ ಬರುತ್ತೆ ಅಂತಲೂ ಹೇಳಿದ್ದರಿಂದ, ಎರಡೂ ಒಂದೇ ಜಾತಿಯ ಮಾತು ಎಂದು ನಾನು ತಿಳಿದುಕೊಂಡಿದ್ದೆ. ಒಂದು ಭಾನುವಾರ ಬೆಳಗ್ಗೆ ಪೇಪರ್ ಓದುತ್ತಾ ಕೂತಿದ್ದವನ ಮುಂದೆಯೇ ಮಂಚ, ಸೌದೆ, ಬೆರಣಿ ಎಲ್ಲವೂ ಮೆರವಣಿಗೆಯಾಗಿ ಹಿತ್ತಲಿಗೆ ಹೊರಟವು. ಸಂಜೆಯ ಹೊತ್ತಿಗೆ ಷೆಡ್ಡಿಗೆ ಸುಣ್ಣ ಬಳಿದಾಗಿತ್ತು. ಸೋಮವಾರದಿಂದ ಅದು ಶಿಶುವಿಹಾರ. ಬೆಕ್ಕು ಮಾತ್ರ ಸೇರಿಕೊಂಡ ಮೊದಲ ವಿದ್ಯಾರ್ಥಿಯಂತೆ ಅಲ್ಲೇ ಉಳಿಯಿತು.

ಮಕ್ಕಳು ಬಂದರು. ಎದುರು ಮನೆಯ ಮಂಜು, ಅವನ ಹಿಂದೆ ಅವನ ಓರಗೆಯವರು, ಮತ್ತು ಬಡಾವಣೆಯ ಅಂಚಿನ ಹಳೇ ಊರಿನಿಂದ ಗಂಗೆ ಎಂಬ ಐದು ವರ್ಷದ ಹುಡುಗಿ. ನಮ್ಮ ಮನೆಗಳೆಲ್ಲ ನಿಂತಿರುವುದು ಗಂಗೆಯ ತಾತ ಮುನಿರಾಮಯ್ಯ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ. ಈಗ ಅವರಿಗೆ ಉಳಿದಿದ್ದು ಒಂದು ಬಾವಿ, ಅದರ ಸುತ್ತ ಒಂದಿಷ್ಟು ಜಾಗ, ಬಾಡಿಗೆಗೆ ಕೊಟ್ಟ ಎರಡು ಮನೆ. ಗಂಗೆಗೆ ಒಂದು ಅಭ್ಯಾಸ. ಏನು ಹೇಳಿದರೂ ಕತ್ತು ಓರೆ ಮಾಡಿ, ಆಮೇಲೆ? ಎಂದು ಕೇಳುವಳು. ಅದಕ್ಕೆ ಉತ್ತರ ಕೊಟ್ಟರೆ ಮತ್ತೊಂದು ಆಮೇಲೆ. ನನ್ನ ಹೆಂಡತಿಗೆ ಈ ಹುಡುಗಿಯೆಂದರೆ ಪ್ರಾಣ.

ವಿಶಾಲಾಕ್ಷಿಯ ಶಾಲೆಯಲ್ಲಿ ಸ್ಲೇಟಿಲ್ಲ, ಬಳಪವಿಲ್ಲ. ಐದು ವರ್ಷದ ಮಗು ಅಕ್ಷರಕ್ಕಿಂತ ಮೊದಲು ತನ್ನ ಬೀದಿಯನ್ನು ಓದಬೇಕು ಎಂಬುದು ಅವಳ ನಂಬಿಕೆ. ಅವಳು ಮಾಡಿಸುತ್ತಿದ್ದ ಆಟಕ್ಕೆ ಮಕ್ಕಳೇ ಊರಾಟ ಎಂದು ಹೆಸರಿಟ್ಟಿದ್ದರು. ಬೆಳಗ್ಗೆ ಬಂದ ಮಕ್ಕಳು ದಾರಿಯಲ್ಲಿ ಯಾರನ್ನು ನೋಡಿದೆವೆಂದು ಹೇಳಬೇಕು, ಅವರು ಏನು ಮಾಡುತ್ತಿದ್ದರೆಂದು ಹೇಳಬೇಕು, ಆಮೇಲೆ ತಾವೇ ಅವರಾಗಬೇಕು. ಸಿದ್ದಾಪುರದ ಕಡೆಯಿಂದ ಬರುವ ಸೊಪ್ಪಿನವಳು, ಬಸ್ಸಿನ ಕಂಡಕ್ಟರು, ಪಾತ್ರೆಗೆ ಕಲಾಯಿ ಹಾಕುವವನು, ಕತ್ತರಿ ಸಾಣೆ ಹಿಡಿಯುವವನು, ಪೋಸ್ಟ್‌ಮ್ಯಾನು, ಎಮ್ಮೆ ಹೊಡಕೊಂಡು ಬಂದು ಬಾಗಿಲಲ್ಲೇ ಹಾಲು ಕರೆದುಕೊಡುವ ಹಾಲಿನವನು, ಕೊನೆಗೆ ಆ ಎಮ್ಮೆ. ಊರಾಟದ ಸಾಮಾನೆಲ್ಲ ನನ್ನ ಮನೆಯಿಂದಲೇ ಹೋಗುತ್ತಿತ್ತು. ನನ್ನ ಚರ್ಮದ ಚೀಲ ಕಂಡಕ್ಟರನ ಹೆಗಲಿಗೆ ಹೋಯಿತು. ಊಟದ ಡಬ್ಬಿಯನ್ನು ಒಂದು ದಿನ ಕಲಾಯಿ ಮಾಡಲಾಯಿತು. ಆ ದಿನ ಮಧ್ಯಾಹ್ನ ನನ್ನ ಚಿತ್ರಾನ್ನದಲ್ಲಿ ಮರಳು ಸಿಕ್ಕಿತು. ನಾನು ತಕರಾರು ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕುತೂಹಲ ಹತ್ತಿತ್ತು. ಷೆಡ್ಡಿನ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ, ಇವತ್ತು ಯಾರು ಯಾರಾಗಿದ್ದಾರೆ ಎಂದು ಇಣುಕುತ್ತಿದ್ದೆ. ಅಲ್ಲಿ ಎಲ್ಲರೂ ಇದ್ದರು. ನಾನು ಮಾತ್ರ ಇರಲಿಲ್ಲ.

ನೆಗಡಿಯೆಂದು ರಜ ಹಾಕಿ ಮನೆಯಲ್ಲಿದ್ದ ಒಂದು ದಿನ ಈ ವಿಷಯ ನನ್ನ ಎದುರಿಗೇ ಬಂತು. ಗಂಗೆ ನೇರವಾಗಿ ವಿಶಾಲಾಕ್ಷಿಯನ್ನು ಕೇಳಿದಳು, "ಟೀಚರ್, ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?"

ಆಫೀಸಿಗೆ ಹೋಗ್ತಾರೆ ಎಂದಳು ವಿಶಾಲಾಕ್ಷಿ. ಮಂಜು ತಕ್ಷಣ ನಾನಾಗಲು ಎದ್ದ. ನನ್ನ ಕೊಡೆ ಹಿಡಿದು ಗಂಭೀರವಾಗಿ ಗೇಟಿನವರೆಗೆ ಹೋದ, ಅಲ್ಲಿ ಸ್ವಲ್ಪ ಹೊತ್ತು ನಿಂತ, ತಿರುಗಿ ಬಂದ, ಉಸ್ಸಪ್ಪಾ ಎಂದು ಕೂತು ಕಾಫಿ ಕೊಡು ಎಂದ. ಆಟ ಮುಗಿಯಿತು. ಮಕ್ಕಳಿಗೆ ತೃಪ್ತಿಯಾಗಲಿಲ್ಲ. ಗೇಟಿಗೆ ಹೋದದ್ದಕ್ಕೂ ಕಾಫಿಗೂ ನಡುವೆ ಏನಾಯಿತು ಎಂಬುದು ಅವರ ಸಂದೇಹ. ನಾನು ಮೂಗು ಒರೆಸಿಕೊಂಡು ಷೆಡ್ಡಿಗೆ ಹೋದೆ. ಇಷ್ಟು ವರ್ಷದ ಅನುಭವಸ್ಥ ಗುಮಾಸ್ತ ಇದನ್ನು ವಿವರಿಸಲಾರನೇ ಎಂಬ ಧೈರ್ಯ. ನನ್ನ ಮೇಜಿಗೆ ಕಾಗದ ಬರುತ್ತದೆ ಎಂದೆ. ಆಮೇಲೆ? ಅದನ್ನು ಓದಿ ಅದರ ಮೇಲೆ ಬರೆಯುತ್ತೇನೆ. ಆಮೇಲೆ? ಇನ್ನೊಬ್ಬರ ಮೇಜಿಗೆ ಕಳಿಸುತ್ತೇನೆ. ಆಮೇಲೆ? ಅವರೂ ಓದಿ, ಅದರ ಮೇಲೆ ಬರೆಯುತ್ತಾರೆ. ಆಮೇಲೆ? ಇಲ್ಲಿ ನಾನು ಸ್ವಲ್ಪ ತಡವರಿಸಿದೆ, ಏಕೆಂದರೆ ಆಮೇಲೆ ಅದು ನನ್ನ ಮೇಜಿಗೇ ವಾಪಸು ಬರುತ್ತದೆ.

ಗಂಗೆ ಕತ್ತು ನೆಟ್ಟಗೆ ಮಾಡಿದಳು. "ಹಂಗಾದ್ರೆ ನೀವೂ ಆಟಾನೇ ಆಡೋದು" ಎಂದಳು.

ಅದರಲ್ಲಿ ಕುಚೋದ್ಯವಿರಲಿಲ್ಲ. ತಮ್ಮ ಹಾಗೇ ಇನ್ನೊಬ್ಬರು ಸಿಕ್ಕಿದರಲ್ಲ ಎಂಬ ಸಂತೋಷವಿತ್ತು. ಆದರೂ ಆ ದಿನ ನನ್ನ ನೆಗಡಿ ಜಾಸ್ತಿಯಾಯಿತು.

ಇದಾದ ಮೇಲಿನ ಭಾನುವಾರ ವಿಶಾಲಾಕ್ಷಿ ಮಕ್ಕಳನ್ನು ಮುನಿರಾಮಯ್ಯನವರ ಬಾವಿಯ ಹತ್ತಿರ ಕರೆದುಕೊಂಡು ಹೊರಟಳು. ಬಾವಿ ಹತ್ತಿರ ಹೋಗುವ ಮಕ್ಕಳನ್ನು ಕಾಯಲು ಇನ್ನೊಂದು ಜೀವ ಬೇಕೆಂದು ನನ್ನನ್ನೂ ಹೊರಡಿಸಿದಳು. ಬಾವಿಯ ಮೇಲೆ ಬಾಗಿದ ಈಚಲ ಮರದಲ್ಲಿ ಗೀಜಗನ ಗೂಡುಗಳು ಸೋರೆಕಾಯಿಯ ಹಾಗೆ ತೂಗುತ್ತಿದ್ದವು. ಗಾಳಿಗೆ ಕೆಳಗೆ ಬಿದ್ದ ಒಂದು ಹಳೇ ಗೂಡನ್ನು ಮುನಿರಾಮಯ್ಯ ಮಕ್ಕಳ ಕೈಗೆ ಕೊಟ್ಟರು. ಒಳಗೆ ಕೈ ಹಾಕಿದ ಮಂಜುವಿಗೆ ಒಣಗಿದ ಮಣ್ಣಿನ ಉಂಡೆ ಸಿಕ್ಕಿತು. ಹುಲ್ಲಿನ ಮನೆಯಲ್ಲಿ ಮಣ್ಣು ಯಾಕೆ? ಗಾಳಿಗೆ ಗೂಡು ಹಾರದಿರಲಿ ಅಂತ ಇರಬಹುದು ಎಂದೆ ನಾನು. ಮುನಿರಾಮಯ್ಯ ತಲೆ ಕೆರೆದುಕೊಂಡು, ಆ ಮಣ್ಣಿಗೆ ಹಕ್ಕಿ ಮಿಣುಕುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತೆ ಅಂತ ನಮ್ಮವ್ವ ಹೇಳೋಳು, ನಿಜವೋ ಸುಳ್ಳೋ ಕಾಣೆ ಎಂದರು. ಮಕ್ಕಳು ಗೂಡಿನೊಳಗೆ ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿದರು. ಹುಳವಿರಲಿಲ್ಲ. ಕರೆಂಟ್ ಹೋಗಿದೆ ಎಂದು ಮಂಜು ತೀರ್ಮಾನಿಸಿದ. ನಮ್ಮ ಬಡಾವಣೆಯಲ್ಲಿ ಬೆಳೆಯುತ್ತಿದ್ದ ಮಗುವಿಗೆ ಅದು ಸಹಜವಾದ ವಿವರಣೆ.

ಆಮೇಲೆ ಎಲ್ಲರೂ ಗೀಜಗಗಳಾದರು. ಉದ್ದನೆಯ ಹುಲ್ಲು ಕಿತ್ತು ಹೆಣೆಯಲು ಕೂತರು. ನಾನೂ ಕೂತೆ. ಹಕ್ಕಿ ಕೊಕ್ಕಿನಲ್ಲಿ ಮಾಡುವುದನ್ನು ಹತ್ತು ಬೆರಳಿರುವವನು ಮಾಡಲಾರನೇ ಎಂದುಕೊಂಡು ಬಿಸಿಲು ನೆತ್ತಿಗೇರುವವರೆಗೆ ಹೆಣೆದೆ. ನನಗೆ ಸಾಧ್ಯವಾದದ್ದು ಕೊಡದ ಕೆಳಗಿಡುವ ಒಂದು ಬಗೆಯ ಸಿಂಬೆ. ಮಕ್ಕಳಿಗೆ ಅದೂ ಆಗಲಿಲ್ಲ. ಆದರೆ ಮನೆಗೆ ಹೋಗುವಾಗ ಯಾವ ಮಗುವೂ ಹುಲ್ಲನ್ನು ಬಿಸಾಡಲಿಲ್ಲ. ಅಲ್ಲೇ ನಮ್ಮ ಕಷ್ಟ ಶುರುವಾಯಿತು.

ಮಂಜುವಿನ ತಾತ ಸದಾಶಿವಯ್ಯನವರು ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ನಡೆಸಿ, ಈಗ ಅದನ್ನು ಮಕ್ಕಳಿಗೆ ಬಿಟ್ಟು ನಮ್ಮ ಎದುರಿನ ಮನೆಯ ಜಗಲಿಯಲ್ಲಿ ಕೂರುತ್ತಿದ್ದವರು. ಹಣೆತುಂಬ ವಿಭೂತಿ, ಬಿಳೀ ಮೀಸೆ, ಹೊರಗೆ ಹೊರಟರೆ ತಲೆಗೆ ಜರಿಯಂಚಿನ ರುಮಾಲು. ಕೈಯಲ್ಲಿ ಕೆಲಸವಿಲ್ಲದ್ದರಿಂದ ಬೀದಿಯ ಮೇಲ್ವಿಚಾರಣೆಯನ್ನು ಅವರೇ ವಹಿಸಿಕೊಂಡಿದ್ದರು. ಅವರು ಹೂಂ ಎಂದರೆ ಬೀದಿಯೆಲ್ಲ ಹೂಂ. ಅಂಥವರು ಸೋಮವಾರ ಬೆಳಗ್ಗೆ ಮಠಕ್ಕೆ ಹೊರಟು, ಗೂಟದ ಮೇಲಿದ್ದ ರುಮಾಲನ್ನು ತೆಗೆದು ತಲೆಗಿಟ್ಟುಕೊಂಡರೆ, ಕಿವಿಯ ಮೇಲಿಂದ ಹುಲ್ಲು ಇಳಿಯಿತು, ಹುಲ್ಲಿನ ಹಿಂದೆಯೇ ಹಸಿಮಣ್ಣು. ತಯಾರಾಗಿದ್ದ ಗುಂಡನೆಯ ಗೂಡು ಮನೆಯಲ್ಲೇ ಇರುವಾಗ ಕಷ್ಟಪಟ್ಟು ಯಾಕೆ ಹೆಣೆಯಬೇಕೆಂದು ಮಂಜು ಒಳಗಿನ ಏರ್ಪಾಡನ್ನಷ್ಟೇ ಮಾಡಿಟ್ಟಿದ್ದ.

ಅರ್ಧ ಗಂಟೆಯೊಳಗೆ ಸದಾಶಿವಯ್ಯನವರು ನಮ್ಮ ನಡುಮನೆಯಲ್ಲಿದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೇನಾದರೂ ಹೇಳಬಹುದಾಗಿತ್ತು. ಅವರು ಬಹಳ ಸಮಾಧಾನದಿಂದ, ಮಗುವನ್ನು ಕಳಿಸಿ ಮೂರು ತಿಂಗಳಾಯಿತು, ಅ ಆ ಬಂದಿಲ್ಲ, ಸೊಪ್ಪು ಮಾರುವವಳ ಹಾಗೆ ಕೂಗುವುದು ಬಂದಿದೆ, ಎಮ್ಮೆಯ ಹಾಗೆ ಮೆಲುಕು ಹಾಕುವುದು ಬಂದಿದೆ ಎಂದರು. ಬರುವ ತಿಂಗಳಿಂದ ಬೆಂಚು, ಸ್ಲೇಟು, ಬೆತ್ತ ಎಲ್ಲ ಇರುವ ಒಂದು ಕಡೆಗೆ ಅವನನ್ನು ಸೇರಿಸುತ್ತೇವೆ, ಬೀದಿಯ ಇನ್ನುಳಿದವರೂ ಹಾಗೇ ಅಂದುಕೊಂಡಿದ್ದಾರೆ ಎಂದರು. ಇನ್ನುಳಿದವರು ಹಾಗಂದುಕೊಳ್ಳಲು ಅವರು ಇನ್ನೂ ಹೇಳಿರಲಿಲ್ಲ, ಅಷ್ಟೇ. ಮಂಜು ಹೋದರೆ ಎಲ್ಲರೂ ಹೋಗುತ್ತಾರೆ, ಉಳಿಯುವವರು ಗಂಗೆ ಮತ್ತು ಬೆಕ್ಕು.

ವಿಶಾಲಾಕ್ಷಿಯ ಮುಖ ಸಣ್ಣದಾಗಿದ್ದನ್ನು ನಾನು ನೋಡಿದೆ. ಆ ಷೆಡ್ಡು ಅವಳಿಗೆ ಏನಾಗಿತ್ತು ಎಂದು ನನಗೆ ಅವತ್ತು ಗೊತ್ತಾಯಿತು. ನಮಗೆ ಮಕ್ಕಳಿರಲಿಲ್ಲ. ಆ ಮಾತನ್ನು ನಾವಿಬ್ಬರೂ ಆಡುತ್ತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, "ಬಿಡಿಸೋ ಮುಂಚೆ ಒಂದು ದಿನ ಬಂದು ಕೂತು ನೋಡಿ. ಆಮೇಲೆ ನೀವು ಹೇಳಿದ ಹಾಗೆ" ಎಂದಳು. ಶನಿವಾರ ಬರುತ್ತೇನೆ ಎಂದು ಅವರು ಎದ್ದರು.

ಶನಿವಾರ ನಾನು ಮತ್ತೆ ರಜ ಹಾಕಿದೆ. ಆದರೆ ನನ್ನ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತದೆಂದೂ, ಅದನ್ನು ನೋಡಿದರೆ ಮಕ್ಕಳು ಅಳುತ್ತವೆಂದೂ ವಿಶಾಲಾಕ್ಷಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಬರದಂತೆ ಕಟ್ಟುಮಾಡಿದಳು. ಅಡುಗೆಮನೆಯ ಕಿಟಕಿಗೆ ಷೆಡ್ಡು ಚೆನ್ನಾಗಿ ಕಾಣುತ್ತಿತ್ತು. ಸದಾಶಿವಯ್ಯನವರಿಗೆ ಕುರ್ಚಿ ಹಾಕಿದ್ದರು. ಹಿಂದಿನ ದಿನ ಮೋಡವಾಗಿದ್ದರಿಂದ ಷೆಡ್ಡಿನೊಳಗೇ ಹಗ್ಗ ಕಟ್ಟಿ ಒಣಗಲು ಹಾಕಿದ್ದ ನನ್ನ ಹೊಸ ಪಂಚೆ ಅವರ ತಲೆಯ ಹಿಂದೆ ತೋರಣದಂತೆ ಇಳಿಬಿದ್ದಿತ್ತು. ಹಬ್ಬಕ್ಕೆಂದು ಅತ್ತೆ ಕೊಟ್ಟಿದ್ದದ್ದು, ಒಂದೇ ಒಂದು ಸಲ ಉಟ್ಟದ್ದು. ಊರಾಟ ಶುರುವಾಯಿತು. ಸೊಪ್ಪಿನವಳು ಬಂದಳು, ಪೋಸ್ಟ್‌ಮ್ಯಾನು ಬಂದ, ಎಮ್ಮೆ ಬಂದು ಒದೆಯಿತು. ಸದಾಶಿವಯ್ಯನವರ ಮೀಸೆ ಅಲುಗಲಿಲ್ಲ. ಕೈಕಟ್ಟಿ ಕೂತೇ ಇದ್ದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ.

ಆಗ ಗಂಗೆ ಆಟ ಬಿಟ್ಟು ಅವರ ಮುಂದೆ ಹೋಗಿ ನಿಂತಳು. ಕತ್ತು ಓರೆಯಾಯಿತು. "ತಾತ, ನೀವ್ ಏನ್ ಮಾಡ್ತೀರಿ?"

ನಾನು ಕಣ್ಣು ಮುಚ್ಚಿಕೊಂಡೆ. ಆ ಪ್ರಶ್ನೆಯ ರುಚಿ ನನಗೆ ಗೊತ್ತಿತ್ತು. ಅವರು ಕಟ್ಟಿದ್ದ ಕೈ ಬಿಚ್ಚಿ, ಈಗ ಏನೂ ಮಾಡಲ್ಲ ಮಗಳೇ, ಮೊದಲು ಬಟ್ಟೆ ವ್ಯಾಪಾರ ಮಾಡುತ್ತಿದ್ದೆ ಎಂದರು. ಆಮೇಲೆ? ಬಂದವರಿಗೆ ಬಟ್ಟೆ ಅಳೆದು ಹರಿದುಕೊಡುತ್ತಿದ್ದೆ. ಹರಿದರೆ ಬಟ್ಟೆ ಹಾಳಾಗಲ್ಲವೇ ಎಂದು ಗಂಗೆ ಕೇಳಿದಳು. ಅಂಗಿ ಹರಿದುಕೊಂಡು ಬಂದರೆ ನಮ್ಮಮ್ಮ ಹೊಡೀತಾಳೆ ಎಂದು ಇನ್ನೊಂದು ಮಗು ಸಾಕ್ಷಿ ಹೇಳಿತು. ಸದಾಶಿವಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಹಾಗಲ್ಲ, ಹರಿಯುವುದರಲ್ಲಿ ಒಂದು ರೀತಿ ಇದೆ, ನೂಲು ಹೋದ ದಾರಿಯಲ್ಲೇ ಬಟ್ಟೆ ಹರಿಯುತ್ತೆ, ಅಡ್ಡಾದಿಡ್ಡಿ ಹೋಗು ಅಂದರೂ ಹೋಗಲ್ಲ ಎಂದರು. ಮಕ್ಕಳಿಗೆ ನಂಬಿಕೆಯಾಗಲಿಲ್ಲ. ಯಾಕೆ ಹೋಗಲ್ಲ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅವರು ಉತ್ತರ ಹೇಳಲು ಬಾಯಿ ತೆರೆದರು, ಸಾಲಲಿಲ್ಲವೆಂದು ಎದ್ದು ನಿಂತರು, ಹಿಂದೆ ತಿರುಗಿದರು, ಹಗ್ಗದ ಮೇಲಿನಿಂದ ನನ್ನ ಪಂಚೆಯನ್ನು ಎಳೆದುಕೊಂಡರು.

ಆ ಹೊತ್ತಿಗೆ ಅವರ ಕಣ್ಣಿಗೆ ಅದು ಒಬ್ಬರ ಪಂಚೆಯಾಗಿ ಕಂಡಿರಲಿಲ್ಲ, ಅಂಗಡಿಯಲ್ಲಿ ಸುತ್ತಿಟ್ಟ ಬಟ್ಟೆಯ ಥಾನಾಗಿ ಕಂಡಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ ಅಳೆದರು. ಅಂಚನ್ನು ಹಲ್ಲಿನಿಂದ ಸ್ವಲ್ಪ ಕಚ್ಚಿದರು. ಎರಡೂ ಕೈ ಅಗಲಿಸಿದರು. ಪರ್ರ್ ಎಂದು ಷೆಡ್ಡೆಲ್ಲ ಕೇಳಿಸುವಂಥ ಸದ್ದು. ಮಕ್ಕಳು ಬಾಯಿಬಿಟ್ಟು ನೋಡಿದವು. ಗೆರೆ ಎಳೆದಷ್ಟು ನೇರ. ವಿಶಾಲಾಕ್ಷಿ ಪಂಚೆಯನ್ನು ನೋಡಿದಳು, ಅಡುಗೆಮನೆಯ ಕಿಟಕಿಯನ್ನು ನೋಡಿದಳು. ಮಕ್ಕಳು ಸಾಲಾಗಿ ನಿಂತು ಗಿರಾಕಿಗಳಾದರು. ಮಂಜು ತನ್ನ ಮೊಳದಲ್ಲಿ ಅಳೆದು ಮಾರುತ್ತೇನೆ ಎಂದು ಪಕ್ಕದಲ್ಲೇ ಇನ್ನೊಂದು ಅಂಗಡಿ ತೆಗೆದ. ಗಂಗೆ ಇಬ್ಬರ ಮೊಳವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ತಾತನ ಮೊಳ ದೊಡ್ಡದು, ನಾನು ಅಲ್ಲೇ ತಗೋತೀನಿ ಎಂದಳು. ಹಾಗಾದರೆ ಎಲ್ಲರಿಗೂ ಒಂದೇ ಅಳತೆ ಬೇಡವೇ ಎಂಬ ಚರ್ಚೆ ಎದ್ದಿತು, ಗಜದ ಕೋಲಿನ ಮಾತು ಬಂತು. ಒಂದು ಚೂರನ್ನು ಓರೆಯಾಗಿ ಹರಿಯಲು ಮಕ್ಕಳೆಲ್ಲ ಸೇರಿ ಎಳೆದರು, ಆಗಲಿಲ್ಲ. ನೂಲನ್ನು ಬಿಡಿಸಿ, ಒಂದು ಮೇಲೆ ಒಂದು ಕೆಳಗೆ ಹೇಗೆ ಹೋಗಿದೆ ಎಂದು ತೋರಿಸಿದರು ಸದಾಶಿವಯ್ಯ. ಗೀಜಗನ ಗೂಡಿನ ಥರ, ಎಂದ ಮಂಜು. ಅವರು ಮೊಮ್ಮಗನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಅವರ ರುಮಾಲೂ ಅದೇ ರೀತಿ ಹೆಣೆದದ್ದು ಎಂದು ಅವರಿಗೆ ಆಗ ಹೊಳೆದಿರಬೇಕು.

ನನ್ನ ಪಂಚೆ ಪೂರ್ತಿ ವ್ಯಾಪಾರವಾದ ಮೇಲೆ ಅವರು ಹೊರಟರು. ಬಾಗಿಲಲ್ಲಿ ನಿಂತು, "ಸೋಮವಾರ ಎಷ್ಟು ಹೊತ್ತಿಗೆ ಬರ್ಬೇಕಮ್ಮ?" ಎಂದು ಕೇಳಿದರು.

ಮಂಜು ದಿನಾ ಬರೋ ಹೊತ್ತಿಗೇ ಬರಲಿ ಎಂದಳು ವಿಶಾಲಾಕ್ಷಿ.

"ಮಂಜು ಅಲ್ಲಮ್ಮ, ನಾನು" ಎಂದರು ಸದಾಶಿವಯ್ಯ.

ಸಂಜೆ ವಿಶಾಲಾಕ್ಷಿ ನನಗೆ ಕಾಫಿ ಕೊಡುತ್ತಾ, ಪಂಚೆ ಹಿಡಿದಾಗ ತಡೆಯಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚನೆ ಮಾಡಿದೆ ಎಂದಳು. ಒಂದೇ ಕ್ಷಣವೇ ಎಂದೆ. ಹೂಂ, ಒಂದೇ ಕ್ಷಣ ಎಂದು ನಕ್ಕಳು. ಆ ವಾರವೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದವಳು ಹಾಗೆ ನಗುವಾಗ ಪಂಚೆಯ ಮಾತನ್ನು ಬೆಳೆಸಲು ನನಗೂ ಮನಸ್ಸಾಗಲಿಲ್ಲ.

ಸದಾಶಿವಯ್ಯನವರು ಶಿಶುವಿಹಾರಕ್ಕೆ ಸೇರಿದ್ದರಿಂದ ಬೀದಿಯ ಉಳಿದ ಮಕ್ಕಳೂ ಉಳಿದರು, ಕೆಲವರು ಹೊಸದಾಗಿಯೂ ಬಂದರು. ಆದರೆ ಗಂಗೆಯ ಪ್ರಶ್ನೆ ಹಾಗೇ ಉಳಿದಿತ್ತು. ಟೀಚರ್ ಯಜಮಾನರು ಏನು ಮಾಡುತ್ತಾರೆಂದು ಕಣ್ಣಾರೆ ನೋಡಿಬಿಡೋಣ ಎಂದು ಸದಾಶಿವಯ್ಯನವರೇ ಪಟ್ಟುಹಿಡಿದರು. ನಮ್ಮ ಸಾಹೇಬರು ಬಹಳ ಗಂಭೀರ ಸ್ವಭಾವದವರು, ಅವರ ಮುಂದೆ ಕೆಮ್ಮುವುದಕ್ಕೂ ನಾವು ಯೋಚಿಸುತ್ತೇವೆ ಎಂದು ನಾನು ಹೇಳಿ ನೋಡಿದೆ. ಒಂದು ಬೆಳಗ್ಗೆ ನಾನು ಫೈಲಿನಲ್ಲಿ ಮುಖ ಹುದುಗಿಸಿಕೊಂಡಿದ್ದಾಗ ಮೆಟ್ಟಿಲ ಮೇಲೆ ಚಿಕ್ಕ ಚಿಕ್ಕ ಕಾಲುಗಳ ಸದ್ದಾಯಿತು. ಮುಂದೆ ರುಮಾಲಿನ ಸದಾಶಿವಯ್ಯ, ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದ ಮಕ್ಕಳ ರೈಲು, ಕೊನೆಯಲ್ಲಿ ನನ್ನ ಕಣ್ಣಿಗೆ ಕಣ್ಣು ಸೇರಿಸದ ವಿಶಾಲಾಕ್ಷಿ. ಮಕ್ಕಳು ನನ್ನ ಮೇಜಿನ ಸುತ್ತ ನಿಂತು ಗುಂಡುಪಿನ್ನು, ಮಸಿ ಹೀರುವ ಕಾಗದ, ಫೈಲು ಕಟ್ಟುವ ಕೆಂಪು ದಾರ, ಗಾಜಿನೊಳಗೆ ಹೂವಿದ್ದ ಪೇಪರ್‌ವೆಯ್ಟ್ ಎಲ್ಲವನ್ನೂ ಮುಟ್ಟಿ ನೋಡಿದರು. ಆ ಹೂವು ಒಳಗೆ ಹೇಗೆ ಹೋಯಿತು ಎಂದು ಕೇಳಿದರು. ಇಷ್ಟು ವರ್ಷ ಅದನ್ನು ಎದುರಿಗಿಟ್ಟುಕೊಂಡೂ ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಗದ್ದಲ ಕೇಳಿ ಸಾಹೇಬರು ಕೋಣೆಯಿಂದ ಹೊರಗೆ ಬಂದರು. ನಾವೆಲ್ಲ ಎದ್ದು ನಿಂತೆವು. ಗಂಗೆ ಮಾತ್ರ ತಲೆಯೆತ್ತಿ ಅವರನ್ನೂ ಕೇಳಿಬಿಟ್ಟಳು, ನೀವು ಏನು ಮಾಡ್ತೀರಿ ಎಂದು. ಸಾಹೇಬರು ಯೋಚಿಸಿದರು. ಅವರು ಯೋಚಿಸುವುದನ್ನು ನಾವು ನೋಡಿದ್ದು ಅದೇ ಮೊದಲು.

"ಇವರೆಲ್ಲ ಬರೆದಿದ್ದರ ಕೆಳಗೆ ನಾನು ಸಹಿ ಹಾಕ್ತೀನಿ" ಎಂದರು.

"ಅಷ್ಟೇನಾ?"

"ಅಷ್ಟೇ" ಎಂದರು ಸಾಹೇಬರು, ಯಾವುದೋ ಭಾರ ಇಳಿಸಿದ ದನಿಯಲ್ಲಿ. ಆಮೇಲೆ ಏನನ್ನಿಸಿತೋ, ಮಕ್ಕಳನ್ನು ಒಳಗೆ ಕರೆದು ಮೇಜಿನ ಮೇಲಿನ ಗಂಟೆಯನ್ನು ಒಬ್ಬೊಬ್ಬರಿಂದಲೂ ಬಾರಿಸಿದರು. ಪ್ರತಿ ಸಲವೂ ಜವಾನ ಓಡಿಬಂದು ಸಲಾಮು ಹೊಡೆದು ಹೋದ. ಹೋಗುವಾಗ ಮಕ್ಕಳು ಅವನಿಗೂ ಟಾಟಾ ಮಾಡಿದರು.

ಮಾರನೆಯ ದಿನ ಆಫೀಸಿಗೆ ಹೊರಡುವ ಮುಂಚೆ ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ನೋಡಿದೆ. ಷೆಡ್ಡಿನಲ್ಲಿ ಆಫೀಸು ಹಾಕಿದ್ದರು. ಜವಾನನಾಗಲು ಎಲ್ಲರೂ ಜಗಳವಾಡಿ ಕೊನೆಗೆ ಬಹಳ ಜನ ಜವಾನರಾದರು. ಮಂಜು ಸಾಹೇಬನಾಗಿ ಚೊಂಬಿಗೆ ಚಮಚದಿಂದ ಬಡಿದು ಗಂಟೆ ಮಾಡುತ್ತಿದ್ದ. ನಾನಾಗಲು ಯಾರೂ ಮುಂದೆ ಬರದಿದ್ದಾಗ, ನಾನಾಗ್ತೀನಿ ಎಂದು ಗಂಗೆ ಎದ್ದಳು. ನನ್ನ ಎದೆ ತುಂಬಿಬಂತು. ಅವಳು ಇಟ್ಟಿಗೆಯ ಮೇಲೆ ಕೂತು, ಎಲೆಗಳನ್ನು ಮುಂದೆ ಹರಡಿಕೊಂಡು, ಒಂದನ್ನು ಎತ್ತಿ ನೋಡಿ ಇನ್ನೊಂದರ ಕೆಳಗಿಟ್ಟಳು. ಚೊಂಬಿನ ಗಂಟೆ ಹೊಡೆಯಿತು. ಎದ್ದು ಹೋಗಿ ಸಾಹೇಬನ ಮುಂದೆ ಕೈಕಟ್ಟಿ ನಿಂತಳು, ಅವನು ಏನಾದರೂ ಹೇಳುವ ಮೊದಲೇ ಮೂರು ಸಲ ತಲೆಯಾಡಿಸಿದಳು, ಬಂದು ಕೂತಳು. ಮತ್ತೆ ಚೊಂಬು, ಮತ್ತೆ ತಲೆ. ಸ್ವಲ್ಪ ಹೊತ್ತಿನಲ್ಲೇ ಬೇಸರವಾಗಿ, ಟೀಚರ್, ನಾನು ಇದಾಗಲ್ಲ, ಎಮ್ಮೆ ಆಗ್ತೀನಿ ಎಂದು ಹೋಗಿಬಿಟ್ಟಳು.

ಹುಡುಗಿ ಸ್ವಲ್ಪ ಅತಿ ಮಾಡಿದಳು ಎಂದುಕೊಂಡೇ ನಾನು ಬಸ್ಸು ಹತ್ತಿದೆ. ಕೂತು ಫೈಲು ಬಿಚ್ಚುವಷ್ಟರಲ್ಲಿ ಸಾಹೇಬರ ಗಂಟೆ ಹೊಡೆಯಿತು, ಕರೆ ನನಗೇ. ಹೋಗಿ ನಿಂತೆ. ಅವರು ಕನ್ನಡಕ ಹಾಕಿಕೊಂಡು ಇನ್ನೂ ಮಾತು ಶುರುಮಾಡಿರಲಿಲ್ಲ. ನನ್ನ ತಲೆ ಆಗಲೇ ಆಡುತ್ತಿರುವುದು ನನಗೆ ಗೊತ್ತಾಯಿತು. ತಡೆಯಲಾರದೆ ನಗು ಬಂತು. ಏನ್ರೀ ನಗು ಎಂದು ಸಾಹೇಬರು ಕೇಳಿದರು. ಏನಿಲ್ಲ ಸಾರ್ ಎಂದೆ, ಮತ್ತೆ ತಲೆಯಾಡಿಸಿದೆ.